ಗುಂಯ್, ಜರ್ರ್, ಸ್ಸ್: ಮನೆಯಲ್ಲಿ ಕಟ್ಟಿದ ಗಿಟಾರ್ ಪೆಡಲ್‌ನ ಬೇಡದ ಸದ್ದು, ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮುಂದೆ, ಗೆಳೆಯರ ಮನೆಯ ಟೆರೇಸಿನಲ್ಲಿ, ರಾತ್ರಿ ಹನ್ನೊಂದಕ್ಕೆ ಬರುವ ವಾಯ್ಸ್ ಮೆಸೇಜುಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಪೆಡಲ್ ಅಂದರೆ ಗಿಟಾರಿಗೂ ಆಂಪಿಗೂ (ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ನಡುವೆ ಇಟ್ಟು, ಕಾಲಲ್ಲಿ ಒತ್ತಿ ಗಿಟಾರಿನ ಸ್ವರ ಬದಲಾಯಿಸುವ ಡಬ್ಬಿ. ಕೇಳಿದವರ ಮಾತನ್ನು ಹೆಚ್ಚುಕಮ್ಮಿ ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ಪೆಡಲ್ ಕಟ್ಟಿದೆ, ಆನ್ ಮಾಡಿದ್ರೆ ಸದ್ದೋ ಸದ್ದು. ಐಸಿ ಬದಲಾಯಿಸ್ಲಾ?

ಬೇಡ. ಐಸಿ (ಬೋರ್ಡಿನ ಮೇಲಿನ ಕಪ್ಪು ಚಿಪ್) ಬಡಪಾಯಿ. ಎಲ್ಲರೂ ಮೊದಲು ಅದನ್ನೇ ಕೀಳುತ್ತಾರೆ, ತಪ್ಪು ಇನ್ನೆಲ್ಲೋ ಇರುತ್ತದೆ. ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ಸದ್ದಿಗೆ ಒಂದು ಹೆಸರು ಕೊಡಿ. ಈ ವಿಷಯದಲ್ಲಿ ಕನ್ನಡದವರಿಗೆ ಅನುಕೂಲ ಜಾಸ್ತಿ, ನಮ್ಮಲ್ಲಿ ಸದ್ದಿಗೊಂದು ಮಾತಿದೆ. ದಪ್ಪಗೆ, ಮೆತ್ತಗೆ ‘ಗುಂಯ್’ ಅಂದರೆ ಗ್ರೌಂಡ್ (ಸರ್ಕ್ಯೂಟಿನ ಎಲ್ಲ ಭಾಗವೂ ಸೇರುವ ಸೊನ್ನೆ ವೋಲ್ಟಿನ ದಾರಿ), ಡಬ್ಬಿ ಅಥವಾ ಗಿಟಾರ್ ಕಡೆ ನೋಡಿ. ಚೂಪಾಗಿ ‘ಜರ್ರ್’ ಅಂದರೆ ಪವರ್ ಅಥವಾ ಮನೆಯ ವೈರಿಂಗ್. ‘ಸ್ಸ್’ ಅಂದರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವುದು) ಮತ್ತು ರೆಸಿಸ್ಟರ್. ‘ಕೀಂ’ ಅಂದರೆ ಸರ್ಕ್ಯೂಟ್ ತಾನೇ ಹಾಡುತ್ತಿದೆ, ಅಥವಾ ಸ್ವಿಚಿಂಗ್ ಐಸಿ ಹಾಡುತ್ತಿದೆ. ‘ಕರಕರ’ ನಾಬಿನದು, ‘ಟಪ್’ ಸ್ವಿಚ್ಚಿನದು. ಫೋನಿನಲ್ಲಿ ‘ನಾಯ್ಸ್ ಬರ್ತಿದೆ’ ಅಂತ ಮಾತ್ರ ಹೇಳಿದರೆ ನಾನೇನೂ ಹೇಳಲಾರೆ. ‘ಬುಡುಬುಡು ಅಂತಿದೆ’ ಅಂದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಗುಂಯ್‌ಗೂ ಜರ್ರ್‌ಗೂ ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗ್ತಿಲ್ಲ. ಹೇಗೆ ಕಂಡುಹಿಡಿಯೋದು?

ಗಿಟಾರ್ ಕೈಯಲ್ಲೇ ಇದೆಯಲ್ಲ, ಅದನ್ನೇ ಬಳಸಿ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಸ್. ಪಿಕಪ್ಪಿಗೋ (ತಂತಿಯ ಅದುರನ್ನು ಸಿಗ್ನಲ್ ಮಾಡುವ, ಗಿಟಾರಿನ ಮೇಲಿನ ಕಾಯಿಲ್) ಒಳಗಿನ ವೈರಿಗೋ ನೇರವಾಗಿ ಅಂಟಿಕೊಂಡ ಹಮ್, ಅಂದರೆ ಆ ಗುಂಯ್, 50 ಹರ್ಟ್ಸಿನದು. ಅಡಾಪ್ಟರ್ ಒಳಗೆ ಡಯೋಡ್ ಬ್ರಿಜ್ ದಾಟಿ ಬಂದ ಏರಿಳಿತ ಅದರ ಎರಡರಷ್ಟು, 100 ಹರ್ಟ್ಸ್. ಈಗ ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ. ಅದು ಜಿ ಸ್ವರ, 98 ಹರ್ಟ್ಸ್. ಪೆಡಲ್‌ನ ಸದ್ದು ಅದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದು, ಎರಡೂ ಸೇರಿದಾಗ ಸೆಕೆಂಡಿಗೆ ಸುಮಾರು ಎರಡು ಸಲ ತೂಗಿದ ಹಾಗೆ ಕೇಳಿದರೆ ಅದು 100 ಹರ್ಟ್ಸ್. ಅಡಾಪ್ಟರ್ ಮೇಲೆ ಅನುಮಾನ ಪಡಿ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ 50. ಚಿಕ್ಕ ಪ್ರಾಕ್ಟೀಸ್ ಆಂಪಿನ ಸ್ಪೀಕರ್ 50 ಹರ್ಟ್ಸನ್ನು ಸರಿಯಾಗಿ ನುಡಿಸುವುದಿಲ್ಲ, ಹಾಗಾಗಿ ಹೆಡ್‌ಫೋನಿನಲ್ಲಿ ಕೇಳಿದರೆ ಒಳ್ಳೆಯದು. ಅಮೆರಿಕದವರು ಬರೆದದ್ದನ್ನು ಓದುವಾಗ ಅಲ್ಲಿ 60 ಮತ್ತು 120 ಅಂತಿರುತ್ತದೆ. ಗಾಬರಿ ಬೇಡ, ಅವರ ಕರೆಂಟೇ ಬೇರೆ.

ನಿಜವಾಗ್ಲೂ ಪೆಡಲ್‌ದೇ ತಪ್ಪಾ? ಗಿಟಾರ್‌ದೋ ಆಂಪ್‌ದೋ ಇರಬಹುದಲ್ವಾ?

ಇರಬಹುದು, ಎಷ್ಟೋ ಸಲ ಹಾಗೇ ಇರುತ್ತದೆ. ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿ. ಸದ್ದು ಪೂರ್ತಿ ಹೋದರೆ ಅದು ಪಿಕಪ್ಪಿನಿಂದ ಬರುತ್ತಿದೆ. ಸಿಂಗಲ್ ಕಾಯಿಲ್ ಪಿಕಪ್ ಆದರೆ ಕುರ್ಚಿಯಲ್ಲಿ ಕೂತೇ ನಿಧಾನಕ್ಕೆ ತಿರುಗಿ. ಒಂದು ದಿಕ್ಕಿಗೆ ಹಮ್ ಏರುತ್ತದೆ, ಇನ್ನೊಂದು ದಿಕ್ಕಿಗೆ ಇಳಿಯುತ್ತದೆ. ಪೆಡಲ್ ಸುಮ್ನೆ ಅದನ್ನು ದೊಡ್ಡದು ಮಾಡುತ್ತಿದೆ ಅಷ್ಟೇ.

ಇದಕ್ಕಿಂತ ಖಚಿತವಾದ ಪರೀಕ್ಷೆ ಬೇಕಾದರೆ ಒಂದು ಹಳೆಯ ಜ್ಯಾಕ್ ಪಿನ್ ತೆಗೆದುಕೊಂಡು ಅದರ ತುದಿ ಮತ್ತು ಬುಡವನ್ನು ಒಂದು ತುಂಡು ವೈರಿನಿಂದ ಸೇರಿಸಿ ಸೋಲ್ಡರ್ ಮಾಡಿ. ಅದನ್ನು ಪೆಡಲ್‌ನ ಇನ್‌ಪುಟ್ಟಿಗೆ ಚುಚ್ಚಿ. ಈಗ ಒಳಗೆ ಬರುವ ದಾರಿ ಪೂರ್ತಿ ಬಂದ್. ಆಗಲೂ ಸದ್ದಿದ್ದರೆ ಕಳ್ಳ ಡಬ್ಬಿಯೊಳಗೋ ಅಡಾಪ್ಟರಿನಲ್ಲೋ ಇದ್ದಾನೆ. ಪೆಡಲ್ ಬೈಪಾಸ್‌ನಲ್ಲಿದ್ದಾಗಲೂ (ಸಿಗ್ನಲ್ ಸರ್ಕ್ಯೂಟನ್ನು ಬಿಟ್ಟು ನೇರ ಆಚೆ ಹೋಗುವಾಗ) ಅಷ್ಟೇ ಸದ್ದು ಬಂದರೆ ಪೆಡಲ್ ಬಿಟ್ಟು ಕೇಬಲ್ ಮತ್ತು ಆಂಪ್ ನೋಡಿ. ಈ ಗಿಡ್ಡ ಪಿನ್ ನನ್ನ ಡ್ರಾಯರಿನಲ್ಲಿ ಸದಾ ಇರುತ್ತದೆ. ಮಲ್ಟಿಮೀಟರಿಗಿಂತ ಜಾಸ್ತಿ ಕೆಲಸ ಮಾಡಿದೆ.

## ಪವರ್

ಬ್ಯಾಟರಿ ಹಾಕಿದ್ರೆ ತೆಪ್ಪಗಿರುತ್ತೆ, ಅಡಾಪ್ಟರ್ ಹಾಕಿದ್ರೆ ಕೂಗುತ್ತೆ. ಯಾಕೆ?

ಇಲ್ಲಿಗೆ ಬಂದಿದ್ದೀರಿ ಅಂದರೆ ನಿಮ್ಮ ಸರ್ಕ್ಯೂಟ್ ಸರಿ ಇದೆ, ಶಹಬ್ಬಾಸ್. ತಪ್ಪು ಅಡಾಪ್ಟರಿನದು. ಅದರಲ್ಲಿ ಎರಡು ಜಾತಿ.

ಒಂದು, ಹಳೆಯ ಕಾಲದ ಭಾರದ ಅಡಾಪ್ಟರ್, ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದು. ಮೇಲೆ 9 ವೋಲ್ಟ್ ಅಂತ ಬರೆದಿದ್ದರೂ ಪೆಡಲ್‌ನಂಥ ಸಣ್ಣ ಲೋಡಿಗೆ 12 ವೋಲ್ಟಿಗಿಂತ ಜಾಸ್ತಿ ಕೊಡುವುದುಂಟು. ಒಳಗೆ ಒಂದೇ ಸಣ್ಣ ಕೆಪಾಸಿಟರ್ ಇರುವುದರಿಂದ 100 ಹರ್ಟ್ಸಿನ ಜರ್ರ್ ಹಾಗೇ ಬರುತ್ತದೆ. ಇದಕ್ಕೆ ಮದ್ದು ಅಗ್ಗ. ಪೆಡಲ್ ಒಳಗೆ ಪ್ಲಸ್ ಲೈನಿನಲ್ಲಿ ಒಂದು 100 ಓಮ್ ರೆಸಿಸ್ಟರ್ ಹಾಕಿ, ಅದರ ಆಚೆ ಬದಿಯಿಂದ ಗ್ರೌಂಡಿಗೆ ಒಂದು 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಇದು ಸುಮಾರು 16 ಹರ್ಟ್ಸಿನಿಂದ ಮೇಲಿನದ್ದನ್ನೆಲ್ಲ ತಗ್ಗಿಸುತ್ತದೆ. 100 ಹರ್ಟ್ಸಿನ ಏರಿಳಿತ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಪೆಡಲ್ 5 ಮಿಲಿಆಂಪ್ ಎಳೆದರೆ ರೆಸಿಸ್ಟರಿನಲ್ಲಿ ಕಳೆದುಹೋಗುವುದು ಅರ್ಧ ವೋಲ್ಟ್ ಮಾತ್ರ. ಇನ್ನೂ ಚೆನ್ನಾಗಿರಬೇಕು ಅಂದರೆ 12 ವೋಲ್ಟಿನ ಅಡಾಪ್ಟರ್ ತಂದು 7809 ರೆಗ್ಯುಲೇಟರ್ (ವೋಲ್ಟೇಜನ್ನು 9ರಲ್ಲೇ ನಿಲ್ಲಿಸುವ ಐಸಿ) ಹಾಕಿ.

ಎರಡು, ಹಗುರವಾದ ಸ್ವಿಚಿಂಗ್ ಅಡಾಪ್ಟರ್. ಇದರ ಸದ್ದು ಕೀಂ ಅಂತಲೋ ಮರಳು ಸುರಿದ ಹಾಗೋ ಇರುತ್ತದೆ. ಇಂಥ ವೇಗದ ಗಲಾಟೆಯನ್ನು 7809 ಅಷ್ಟಾಗಿ ತಡೆಯುವುದಿಲ್ಲ. 100 ಓಮ್ ಉಪಾಯ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ದೊಡ್ಡ ಕೆಪಾಸಿಟರಿನ ಪಕ್ಕ ಒಂದು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೂಡ ಇಡಿ.

ಅಂದ ಹಾಗೆ, ಗಿಟಾರ್ ಪೆಡಲ್‌ಗಳ ಪದ್ಧತಿಯಲ್ಲಿ ಜ್ಯಾಕಿನ ನಡುವಿನ ಕಡ್ಡಿ ಮೈನಸ್. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಅಡಾಪ್ಟರುಗಳಲ್ಲಿ ನಡುವೆ ಪ್ಲಸ್. ಮೀಟರಿನಲ್ಲಿ ನೋಡದೆ ಚುಚ್ಚಬೇಡಿ. ನಾನು ಒಮ್ಮೆ ಅಂಗಡಿಯವರ ಮಾತು ನಂಬಿ ಚುಚ್ಚಿ, ಎರಡು ವಾರ ಕೂತು ಕಟ್ಟಿದ ಡಿಲೇ ಪೆಡಲ್ಲನ್ನು ಎರಡು ಸೆಕೆಂಡಿನಲ್ಲಿ ಸುಟ್ಟಿದ್ದೇನೆ. ಸದ್ದಂತೂ ನಿಂತಿತು.

ಪವರ್ ಬ್ಯಾಂಕಿನಿಂದ 9 ವೋಲ್ಟ್ ಮಾಡಿಕೊಡೋ ಕೇಬಲ್ ಸಿಗುತ್ತಲ್ಲ, ಅದು ಪರವಾಗಿಲ್ವಾ?

ಅದರೊಳಗೆ 5 ವೋಲ್ಟನ್ನು ಏರಿಸುವ ಸ್ವಿಚಿಂಗ್ ಸರ್ಕ್ಯೂಟ್ ಇದೆ. ಸ್ವರವನ್ನು ಸ್ವಲ್ಪ ಒರಟು ಮಾಡುವ ಓವರ್‌ಡ್ರೈವ್ ಪೆಡಲ್‌ಗೆ ಪರವಾಗಿಲ್ಲ ಅನ್ನಿಸಬಹುದು. ಪೂರ್ತಿ ಒರಟು ಮಾಡುವ ಫಜ್ ಪೆಡಲ್‌ಗೆ ಕೊಟ್ಟರೆ ಕಿರಿಕಿರಿ. ತುರ್ತಿಗೆ ಸರಿ.

ಒಂದೇ ಅಡಾಪ್ಟರಿನಿಂದ ನಾಲ್ಕು ಪೆಡಲ್‌ಗೆ ಕೊಟ್ಟಿದೀನಿ. ಒಂದೊಂದೇ ಹಾಕಿದ್ರೆ ಸದ್ದಿಲ್ಲ, ಒಟ್ಟಿಗೆ ಹಾಕಿದ್ರೆ ಶುರು.

ನಾಲ್ಕರ ಗ್ರೌಂಡೂ ಎರಡು ದಾರಿಯಲ್ಲಿ ಸೇರುತ್ತಿದೆ. ಒಂದು ಪವರ್ ವೈರಿನಲ್ಲಿ, ಇನ್ನೊಂದು ಸಿಗ್ನಲ್ ಕೇಬಲ್ಲಿನಲ್ಲಿ. ಆ ಬಳೆಯಲ್ಲಿ ಬೇಡದ ಕರೆಂಟ್ ಸುತ್ತುತ್ತದೆ. ಅದರ ಜೊತೆಗೆ ಡಿಜಿಟಲ್ ಡಿಲೇ, ರಿವರ್ಬ್ ಇದ್ದರೆ ಅವುಗಳ ಒಳಗಿನ ಗಡಿಯಾರದ ಕೀಂ ಸದ್ದು ಪವರ್ ಲೈನಿಗೆ ಇಳಿದು ಪಕ್ಕದ ಫಜ್‌ಗೆ ತಲುಪುತ್ತದೆ. ಫಜ್ ಅದನ್ನು ಸಾವಿರ ಪಟ್ಟು ಮಾಡಿ ಊರಿಗೆಲ್ಲ ಹೇಳುತ್ತದೆ. ಡಿಜಿಟಲ್ ಪೆಡಲ್‌ಗೆ ಬೇರೆ ಅಡಾಪ್ಟರ್ ಕೊಟ್ಟು ನೋಡಿ. ಬಹಳ ಸಲ ಅಷ್ಟು ಸಾಕು.

ಒಂದು ಎಚ್ಚರಿಕೆ. ಪಿಎನ್‌ಪಿ ಜರ್ಮೇನಿಯಂ ಟ್ರಾನ್ಸಿಸ್ಟರಿನ ಹಳೆಯ ಮಾದರಿ ಫಜ್ ಕಟ್ಟಿದ್ದರೆ ಅದರಲ್ಲಿ ಗ್ರೌಂಡ್ ಪ್ಲಸ್ ಆಗಿರುತ್ತದೆ. ಅದನ್ನು ಉಳಿದವುಗಳ ಜೊತೆ ಒಂದೇ ಅಡಾಪ್ಟರಿಗೆ ಸೇರಿಸಿದರೆ ನೇರ ಶಾರ್ಟ್. ಅದಕ್ಕೆ ಬ್ಯಾಟರಿಯೇ ಸರಿ.

ಕರೆಂಟ್ ಹೋಗಿ ಯುಪಿಎಸ್ ಬಂದಾಗ ಜರ್ರ್ ಜಾಸ್ತಿ ಆಗುತ್ತೆ. ಪೆಡಲ್ ಹಾಳಾಗ್ತಿದೆಯಾ?

ಇಲ್ಲ. ಬೆಸ್ಕಾಂ ಕೊಡುವ ಕರೆಂಟಿನ ಅಲೆ ನುಣುಪಾಗಿರುತ್ತದೆ. ಅಗ್ಗದ ಮನೆ ಯುಪಿಎಸ್ ಕೊಡುವುದು ಮೆಟ್ಟಿಲು ಮೆಟ್ಟಿಲಾದ ಚೌಕ ಅಲೆ. ಆ ಚೂಪು ಮೂಲೆಗಳೇ ನಿಮಗೆ ಜರ್ರ್ ಆಗಿ ಕೇಳುವುದು. ಸೈನ್ ವೇವ್ ಯುಪಿಎಸ್ ಇದ್ದರೆ ಈ ಕಾಟ ಕಮ್ಮಿ. ಇದೇ ಕುಟುಂಬದ ಇನ್ನೊಬ್ಬ ಅಂದರೆ ಗುಂಡಗೆ ತಿರುಗಿಸುವ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್. ಅದು ಪ್ರತಿ ಅಲೆಯನ್ನೂ ನಡುವೆ ಕತ್ತರಿಸಿ ವೇಗ ಇಳಿಸುತ್ತದೆ. ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿ ನೋಡಿ, ಜರ್ರ್ ಇಳಿದರೆ ಕಳ್ಳ ಸಿಕ್ಕಿದ. ಟಕ್ ಟಕ್ ಅಂತ ಹೆಜ್ಜೆ ಹೆಜ್ಜೆಯಾಗಿ ತಿರುಗುವ, ಕೆಪಾಸಿಟರ್ ಇರುವ ರೆಗ್ಯುಲೇಟರ್ ಹೀಗೆ ಮಾಡುವುದಿಲ್ಲ.

## ಡಬ್ಬಿ ಮತ್ತು ಅರ್ತಿಂಗ್

ಡಬ್ಬಿ ಮುಟ್ಟಿದ್ರೆ ಸದ್ದು ಕಮ್ಮಿ ಆಗುತ್ತೆ, ಕೈ ತೆಗೆದ್ರೆ ಮತ್ತೆ ಬರುತ್ತೆ. ನಾನೇನು ಅರ್ತಿಂಗಾ?

ಹೆಚ್ಚುಕಮ್ಮಿ ಹೌದು! ಡಬ್ಬಿ ಗ್ರೌಂಡಿಗೆ ಸೇರಿಲ್ಲ, ಅದರ ಕೆಲಸವನ್ನು ನಿಮ್ಮ ಮೈ ಮಾಡುತ್ತಿದೆ. ಮೀಟರನ್ನು ಬೀಪ್ ಮೋಡಿಗೆ ಹಾಕಿ, ಒಂದು ಕಡ್ಡಿ ಜ್ಯಾಕಿನ ಬುಡಕ್ಕೆ, ಇನ್ನೊಂದು ಡಬ್ಬಿಯ ಬರಿ ಲೋಹಕ್ಕೆ. ಬೀಪ್ ಬರಬೇಕು. ಬರದಿದ್ದರೆ ಕಾರಣ ಎರಡರಲ್ಲಿ ಒಂದು. ಡಬ್ಬಿಯ ಒಳಗೂ ಪೇಂಟ್ ಹೊಡೆದಿದ್ದೀರಿ, ಅಥವಾ ಪ್ಲಾಸ್ಟಿಕ್ ಮೈಯ ಜ್ಯಾಕ್ ಹಾಕಿದ್ದೀರಿ. ಜ್ಯಾಕಿನ ತೂತಿನ ಸುತ್ತ ಒಳಗಡೆ ಪೇಂಟ್ ಕೆರೆಯಿರಿ. ಪ್ಲಾಸ್ಟಿಕ್ ಜ್ಯಾಕ್ ಆದರೆ ಗ್ರೌಂಡಿನಿಂದ ಒಂದು ವೈರ್ ಎಳೆದು ಸ್ಕ್ರೂವಿನಿಂದ ಡಬ್ಬಿಗೆ ಬಿಗಿ ಮಾಡಿ. ಒಂದೇ ಕಡೆ ಸಾಕು. ಮುಚ್ಚಳವೂ ಡಬ್ಬಿಗೆ ಲೋಹಕ್ಕೆ ಲೋಹ ತಾಗಬೇಕು, ಇದನ್ನು ಮರೆಯುವವರು ಬಹಳ.

ಗಿಟಾರ್ ತಂತಿ ಮುಟ್ಟಿದಾಗ ಸದ್ದು ಇಳಿಯುವುದು ಬೇರೆ ಕಥೆ. ಅದು ಸಾಮಾನ್ಯ, ತಂತಿಗಳು ಗ್ರೌಂಡಿಗೆ ಸೇರಿರುತ್ತವೆ. ಆದರೆ ಮುಟ್ಟಿದಾಗ ಜುಂ ಅಂತ ಸಣ್ಣ ಶಾಕ್ ಹೊಡೆದರೆ ಅಲ್ಲೇ ನಿಲ್ಲಿಸಿ, ಈ ಭಾಗದ ಕೊನೆಯ ಪ್ರಶ್ನೆ ಓದಿ.

ಪ್ಲಾಸ್ಟಿಕ್ ಟಿಫನ್ ಡಬ್ಬಿಯಲ್ಲಿ ಕಟ್ಟಿದ್ರೆ ಆಗಲ್ವಾ?

ಆಗುತ್ತದೆ, ಹಮ್ ಮಾಡುತ್ತದೆ. ಒಳಗೆ ಪೂರ್ತಿ ಅಲ್ಯೂಮಿನಿಯಂ ಫಾಯಿಲ್ ಅಥವಾ ತಾಮ್ರದ ಟೇಪ್ ಅಂಟಿಸಿ ಗ್ರೌಂಡಿಗೆ ಸೇರಿಸಿದರೆ ಬಹುಪಾಲು ಸರಿಹೋಗುತ್ತದೆ. ಬೋರ್ಡಿಗೆ ಫಾಯಿಲ್ ತಾಗದ ಹಾಗೆ ನಡುವೆ ರಟ್ಟು ಇಡಿ. ಚಿಕ್ಕಪೇಟೆಯ ಪಾತ್ರೆ ಅಂಗಡಿಯ ಸ್ಟೀಲ್ ಡಬ್ಬಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಸ್ಟೇನ್‌ಲೆಸ್ ಸ್ಟೀಲಿಗೆ ಡ್ರಿಲ್ ಹಾಕುವಾಗ ನಿಮ್ಮ ಬಾಯಲ್ಲಿ ಬರುವ ಮಾತುಗಳಿಗೆ ನಾನು ಜವಾಬ್ದಾರನಲ್ಲ. ಎರಕದ ಅಲ್ಯೂಮಿನಿಯಂ ಡಬ್ಬಿ ತೂತು ಮಾಡಲು ಬೆಣ್ಣೆ.

ಒಂದು ಮಿತಿ ಇದೆ. ಯಾವ ಅಲ್ಯೂಮಿನಿಯಂ ಡಬ್ಬಿಯೂ ಟ್ರಾನ್ಸ್‌ಫಾರ್ಮರಿನ 50 ಹರ್ಟ್ಸ್ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ವಾ ಪೆಡಲ್ ಒಳಗಿನ ಇಂಡಕ್ಟರ್ ಇದಕ್ಕೆ ಸುಲಭದ ತುತ್ತು. ಅಡಾಪ್ಟರಿನಿಂದ ದೂರ ಸರಿಸುವುದೊಂದೇ ದಾರಿ.

ಆಂಪಿನ ಪ್ಲಗ್‌ನಲ್ಲಿ ದಪ್ಪ ಅರ್ತ್ ಪಿನ್ ಕತ್ತರಿಸಿದ್ರೆ ಹಮ್ ಹೋಗುತ್ತೆ ಅಂತಾರಲ್ಲ?

ಹಮ್ ಹೋಗಬಹುದು. ಜೊತೆಗೆ ನೀವೂ ಹೋಗಬಹುದು. ಆಂಪ್ ಒಳಗೆ ಏನಾದರೂ ಕೆಟ್ಟು 230 ವೋಲ್ಟ್ ಅದರ ಮೈಗೆ ತಾಗಿದರೆ ಅದು ಕೇಬಲ್ ಹಿಡಿದು ನಿಮ್ಮ ಗಿಟಾರ್ ತಂತಿಗೆ ಬರುತ್ತದೆ. ತುಟಿ ಮೈಕಿಗೆ ತಾಗಿತೋ, ಕಥೆ ಮುಗಿಯಿತು. ಆ ಪಿನ್ ಇರುವುದು ಸದ್ದಿಗಲ್ಲ, ಜೀವಕ್ಕೆ.

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ತ್ ವೈರೇ ಇಲ್ಲದ್ದನ್ನು ನಾನು ಕಂಡಿದ್ದೇನೆ. ಬಾಡಿಗೆ ರೂಮುಗಳ ಕಥೆ ಕೇಳಲೇಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ಎರಡು ಪಿನ್ನಿನ ಸ್ವಿಚಿಂಗ್ ಅಡಾಪ್ಟರ್ ಅಥವಾ ಲ್ಯಾಪ್‌ಟಾಪ್ ಚಾರ್ಜರ್ ಇದ್ದಾಗ ಬೆರಳಿಗೆ ಜುಮುಜುಮು ಅನ್ನಿಸುವುದು, ಅವುಗಳೊಳಗೆ ಮೇನ್ಸ್ ಕಡೆಯಿಂದ ಔಟ್‌ಪುಟ್ ಕಡೆಗೆ ಇರುವ ಒಂದು ಪುಟ್ಟ ಕೆಪಾಸಿಟರಿನ ಸೋರಿಕೆಯಿಂದ. ಅಷ್ಟರಿಂದ ಅಪಾಯವಿಲ್ಲ, ಆದರೆ ಸದ್ದು ತರುತ್ತದೆ. ಹಾಗಂತ ಪ್ರತಿ ಜುಮುಜುಮುವೂ ಅದೇ ಅಂತ ನೀವೇ ತೀರ್ಮಾನ ಮಾಡಬೇಡಿ. ಲ್ಯಾಪ್‌ಟಾಪಿಗೂ ಆಂಪಿಗೂ ನಡುವೆ ಹಮ್ ಬರುತ್ತಿದ್ದರೆ ಮೊದಲು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಹಮ್ ನಿಂತರೆ, ಆ ಸಿಗ್ನಲ್ ದಾರಿಯಲ್ಲಿ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಬಳೆ ಕತ್ತರಿಸುವುದಿದ್ದರೆ ಅಲ್ಲಿ ಕತ್ತರಿಸಿ, ಅರ್ತ್ ಪಿನ್ನಿನಲ್ಲಲ್ಲ.

## ಮುಚ್ಚಳ ತೆಗೆದ ಮೇಲೆ

ಕಾಲಲ್ಲಿ ಸ್ವಿಚ್ ಒತ್ತಿದಾಗ ಟಪ್ ಅಂತ ಗುಂಡು ಹೊಡೆದ ಹಾಗಾಗುತ್ತೆ.

ಇನ್‌ಪುಟ್ ಅಥವಾ ಔಟ್‌ಪುಟ್ ಕೆಪಾಸಿಟರಿನ ಹೊರತುದಿಯಲ್ಲಿ ಚಾರ್ಜ್ ಕೂತಿದೆ. ಸ್ವಿಚ್ ಸೇರಿದ ತಕ್ಷಣ ಅದು ಆಂಪಿಗೆ ಹಾರುತ್ತದೆ. ಎರಡೂ ತುದಿಯಿಂದ ಗ್ರೌಂಡಿಗೆ ಒಂದೊಂದು 1 ಮೆಗಾಓಮ್ ರೆಸಿಸ್ಟರ್ ಹಾಕಿ, ಚಾರ್ಜ್ ಮೆಲ್ಲಗೆ ಇಳಿದುಹೋಗುತ್ತದೆ. ಹಾಕಿಯೂ ಟಪ್ ನಿಲ್ಲದಿದ್ದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸೋರುತ್ತಿದೆ ಅಥವಾ ಉಲ್ಟಾ ಕೂತಿದೆ. ಅದೂ ಅಲ್ಲವಾದರೆ ಎಲ್‌ಇಡಿಯ ಒಂದು ಕಾಲು ಬಿಡಿಸಿ ನೋಡಿ. ದೀಪ ಫಕ್ಕನೆ ಎಳೆಯುವ ಕರೆಂಟೂ ಟಪ್ ಅನ್ನಿಸುತ್ತದೆ. ತುಂಬಾ ದಿನ ಸುಮ್ನೆ ಬಿದ್ದಿದ್ದ ಪೆಡಲ್ ಮೊದಲ ಸಲ ಮಾತ್ರ ಟಪ್ ಅಂದರೆ ತಲೆ ಕೆಡಿಸಿಕೊಳ್ಳಬೇಡಿ.

ಹೊಸ ನಾಬ್, ಹೊಸ ಪಾಟ್, ಆದ್ರೂ ತಿರುಗಿಸಿದ್ರೆ ಕರಕರ ಅನ್ನುತ್ತೆ.

ಪಾಟ್ (ನಾಬಿನ ಕೆಳಗಿನ, ತಿರುಗಿಸಿದರೆ ಬದಲಾಗುವ ರೆಸಿಸ್ಟರ್) ಮೇಲೆ ಡಿಸಿ ವೋಲ್ಟೇಜ್ ಇದೆ. ಪಾಟಿನ ಎರಡು ಹೊರ ಕಾಲುಗಳ ನಡುವೆ ಮೀಟರ್ ಇಟ್ಟು ಡಿಸಿ ನೋಡಿ. ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಅದರ ಹಿಂದಿನ ಕೆಪಾಸಿಟರ್ ಸೋರುತ್ತಿದೆ, ಬದಲಾಯಿಸಿ. ಗ್ರೌಂಡಿನಿಂದ ಅಳೆದು 4.5 ವೋಲ್ಟ್ ಬಂತು ಅಂತ ಹೆದರಬೇಡಿ. ಆಪ್‌ಆಂಪ್ (ಸಿಗ್ನಲ್ ದೊಡ್ಡದು ಮಾಡುವ ಐಸಿ) ಇರುವ ಪೆಡಲ್‌ಗಳಲ್ಲಿ ಕೆಲವು ಪಾಟ್‌ಗಳು 9ರ ಅರ್ಧವಾದ ಆ ವೋಲ್ಟೇಜಿನ ಮೇಲೇ ಕೂತಿರುತ್ತವೆ. ಹೊರ ಕಾಲುಗಳ ನಡುವೆ ಅಳೆಯಿರಿ ಅಂದಿದ್ದು ಅದಕ್ಕೇ.

ಗೇನ್ ಅರ್ಧ ದಾಟಿದ್ರೆ ಕೀಂ ಅಂತ ಕಿರುಚುತ್ತೆ. ಗಿಟಾರ್ ಮುಟ್ಟದಿದ್ರೂ!

ಇದು ನನಗೆ ಇಷ್ಟದ ರೋಗ, ಯಾಕೆಂದರೆ ಒಂದು ಪಾರ್ಟೂ ಬದಲಾಯಿಸದೆ ಗುಣವಾಗುತ್ತದೆ. ಔಟ್‌ಪುಟ್ ವೈರಿನ ಸಿಗ್ನಲ್ ಗಾಳಿಯಲ್ಲೇ ಹಾರಿ ಇನ್‌ಪುಟ್ ವೈರಿಗೆ ತಾಗುತ್ತಿದೆ. ಒಳಹೋಗಿ ಮತ್ತೆ ದೊಡ್ಡದಾಗಿ ಬರುತ್ತಿದೆ, ಮತ್ತೆ ಒಳಹೋಗುತ್ತಿದೆ. ಮದುವೆ ಮಂಟಪದಲ್ಲಿ ಮೈಕನ್ನು ಸ್ಪೀಕರ್ ಮುಂದೆ ಹಿಡಿದಾಗ ಆಗುವುದೇ ಇಲ್ಲೂ ಆಗುವುದು.

ಊದುಬತ್ತಿಯ ಕಡ್ಡಿ ತೆಗೆದುಕೊಳ್ಳಿ. ಪೆಡಲ್ ಆನ್ ಇರುವಾಗಲೇ ಒಳಗಿನ ವೈರುಗಳನ್ನು ಒಂದೊಂದಾಗಿ ಅದರಿಂದ ಸರಿಸಿ. ಯಾವುದನ್ನು ಸರಿಸಿದಾಗ ಕಿರುಚಾಟದ ಸ್ವರ ಬದಲಾಗುತ್ತದೋ ಅದೇ ಅಪರಾಧಿ. ಬೆರಳು ಹಾಕಬೇಡಿ. ಅಪಾಯ ಅಂತಲ್ಲ, ನಿಮ್ಮ ಬೆರಳೇ ಸದ್ದು ಬದಲಾಯಿಸಿ ದಾರಿ ತಪ್ಪಿಸುತ್ತದೆ.

ಆಮೇಲೆ ಇನ್‌ಪುಟ್ ಮತ್ತು ಔಟ್‌ಪುಟ್ ವೈರುಗಳನ್ನು ಡಬ್ಬಿಯ ಎರಡು ಗೋಡೆಗೆ ಅಂಟಿಸಿ ಓಡಿಸಿ. ಉದ್ದ ಕತ್ತರಿಸಿ. ‘ಮುಂದೆ ಬೇಕಾಗಬಹುದು’ ಅಂತ ಬಿಟ್ಟ ನಾಲ್ಕು ಇಂಚು ವೈರ್ ಆಂಟೆನಾ ಆಗುತ್ತದೆ. ಇನ್‌ಪುಟ್ಟಿಗೆ ಶೀಲ್ಡ್ ವೈರ್ ಹಾಕಿ, ಅದರ ಜಾಲರಿಯನ್ನು ಒಂದೇ ತುದಿಯಲ್ಲಿ ಗ್ರೌಂಡಿಗೆ ಸೇರಿಸಿ. ಒಂಬತ್ತು ಕಾಲಿನ ಫುಟ್‌ಸ್ವಿಚ್ಚಿನಲ್ಲಿ ಇನ್‌ಪುಟ್ ಔಟ್‌ಪುಟ್ ಕಾಲುಗಳು ಅಕ್ಕಪಕ್ಕ ಇರುತ್ತವೆ, ಅಲ್ಲೂ ಸ್ವಲ್ಪ ಸೋರುತ್ತದೆ. ಬೈಪಾಸ್ ಆದಾಗಲೂ ಸಣ್ಣಗೆ ಕೀಂ ಕೇಳುತ್ತಿದ್ದರೆ, ಬೈಪಾಸ್ ಆದಾಗ ಸರ್ಕ್ಯೂಟಿನ ಇನ್‌ಪುಟ್ ಗ್ರೌಂಡಿಗೆ ಸೇರುವ ಹಾಗೆ ಸ್ವಿಚ್ ವೈರಿಂಗ್ ಬದಲಾಯಿಸಿ.

ಇಷ್ಟಾದರೂ ಹಠ ಬಿಡದಿದ್ದರೆ ಮಾತ್ರ ಪಾರ್ಟಿಗೆ ಕೈ ಹಾಕಿ. ಹೆಚ್ಚು ಗೇನ್ ಇರುವ ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಬೇಸ್ ನಡುವೆ 47 ರಿಂದ 100 ಪಿಕೋಫ್ಯಾರಡ್. ಬಿಸಿ547ರ ಕಾಲುಗಳ ಸಾಲು ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರದ್ದು ಇದರ ಉಲ್ಟಾ. ಒಂದರ ಬದಲು ಇನ್ನೊಂದು ಹಾಕುವಾಗ ತಿರುಗಿಸಿ ಹಾಕಿ.

ಬುಡಬುಡಿಕೆಯವನು ಬಾಗಿಲಿಗೆ ಬಂದ ಹಾಗೆ ಬುಡುಬುಡು ಅಂತಿದೆ.

ಬ್ಯಾಟರಿ ಸೋತಿದೆ, ಅಥವಾ ಪವರ್ ಲೈನಿಗೆ ಕೆಪಾಸಿಟರ್ ಇಲ್ಲ. ಕೊನೆಯ ಹಂತ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಮೊದಲ ಹಂತ ಅದನ್ನೇ ಸಿಗ್ನಲ್ ಅಂದುಕೊಳ್ಳುತ್ತದೆ. ಹೊಸ ಆಲ್ಕಲೈನ್ ಬ್ಯಾಟರಿ ಹಾಕಿ, 100 ಮೈಕ್ರೋಫ್ಯಾರಡ್ ಸೇರಿಸಿ. ಆಪ್‌ಆಂಪಿಗೆ 4.5 ವೋಲ್ಟ್ ಕೊಡುವ ಎರಡು ರೆಸಿಸ್ಟರುಗಳ ನಡುವಿನ ಬಿಂದುವಿಗೂ 47 ಮೈಕ್ರೋಫ್ಯಾರಡ್ ಇದೆಯೇ ನೋಡಿ.

ನನ್ನ ಫಜ್‌ನಲ್ಲಿ ರೇಡಿಯೋ ಬರ್ತಿದೆ. ನಿಜವಾಗ್ಲೂ, ವಾರ್ತೆ ಕೇಳಿಸ್ತು!

ನಂಬುತ್ತೇನೆ. ಕೇಳಿಸಿದ್ದು ಕನ್ನಡ ವಾರ್ತೆಯಾದರೆ, ಆಕಾಶವಾಣಿ ಬೆಂಗಳೂರು 612 ಕಿಲೋಹರ್ಟ್ಸಿನ ಮೀಡಿಯಂ ವೇವ್‌ನಲ್ಲಿ ಬರುತ್ತದೆ ಅನ್ನುವುದನ್ನು ನೆನಪಿಡಿ. ನಿಮ್ಮ ಕೇಬಲ್ ಆಂಟೆನಾ. ಫಜ್‌ನ ಮೊದಲ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವಿನ ಸಂಧಿಯೇ ಡಯೋಡ್. ಹಳೆಯ ಕ್ರಿಸ್ಟಲ್ ರೇಡಿಯೋಗೆ ಇದಕ್ಕಿಂತ ಜಾಸ್ತಿ ಏನಿತ್ತು?

ಬೇಸಿಗೆ ಹೋಗುವ ದಾರಿಯಲ್ಲಿ 10 ಕಿಲೋಓಮ್, ಅದರಾಚೆ ಗ್ರೌಂಡಿಗೆ 100 ಪಿಕೋಫ್ಯಾರಡ್ ಹಾಕಿ. ಇದು 159 ಕಿಲೋಹರ್ಟ್ಸಿನ ಮೇಲಿನದ್ದನ್ನು ಇಳಿಸುತ್ತದೆ, ಗಿಟಾರ್ ಸ್ವರಕ್ಕೆ ತೊಂದರೆ ಇಲ್ಲ. ಎರಡನ್ನೂ ಟ್ರಾನ್ಸಿಸ್ಟರಿನ ಕಾಲಿಗೆ ಅಂಟಿದ ಹಾಗೆ ಇಡಿ. ಫಜ್ ಫೇಸ್ ಮಾದರಿಯವರು ಮಾತ್ರ ಯೋಚಿಸಿ ಮಾಡಿ. 1966ರಲ್ಲಿ ಲಂಡನ್ನಿನಲ್ಲಿ ಬಂದ ಆ ಸರ್ಕ್ಯೂಟಿನ ರುಚಿ ಇರುವುದೇ ಅದರ ತೀರ ಕಡಿಮೆ ಇನ್‌ಪುಟ್ ಇಂಪೀಡೆನ್ಸ್ ಗಿಟಾರ್ ಪಿಕಪ್ಪನ್ನು ಎಳೆಯುವುದರಲ್ಲಿ. 10 ಕಿಲೋಓಮ್ ಹಾಕಿದರೆ ಆ ಗುಣ ಬದಲಾಗುತ್ತದೆ. ಅಲ್ಲಿ 1 ಕಿಲೋಓಮ್ ಮತ್ತು 1000 ಪಿಕೋಫ್ಯಾರಡ್ ಹಾಕಿದರೂ ಲೆಕ್ಕ ಅದೇ 159.

## ಇನ್ನೂ ಆಳಕ್ಕೆ

ಎಲ್ಲ ಸರಿ ಇದೆ, ಆದ್ರೆ ಸ್ಸ್ ಅನ್ನೋ ಸದ್ದು ಹೋಗ್ತಾನೇ ಇಲ್ಲ.

ಪೂರ್ತಿ ಹೋಗುವುದೂ ಇಲ್ಲ. ರೆಸಿಸ್ಟರಿನಲ್ಲಿ ಚೂರಾದರೂ ಬಿಸಿ ಇರುವಷ್ಟು ಕಾಲ (ರೂಮಿನ ಬಿಸಿಯೂ ಸಾಕು) ಅದರೊಳಗಿನ ಎಲೆಕ್ಟ್ರಾನುಗಳು ಕುಣಿಯುತ್ತಲೇ ಇರುತ್ತವೆ. ಬೆಲ್ ಲ್ಯಾಬ್ಸಿನ ಜಾನ್ಸನ್ ಇದನ್ನು ಅಳೆದರು, ನೈಕ್ವಿಸ್ಟ್ ಲೆಕ್ಕ ಬರೆದರು. ಇಬ್ಬರ ಲೇಖನವೂ 1928ರಲ್ಲಿ ಬಂತು. ನಮ್ಮ ರೂಮಿನ ಬಿಸಿಗೆ, 10 ಕಿಲೋಹರ್ಟ್ಸ್ ಅಗಲದಲ್ಲಿ, 10 ಕಿಲೋಓಮ್ ರೆಸಿಸ್ಟರ್ ಸುಮಾರು 1.3 ಮೈಕ್ರೋವೋಲ್ಟ್ ಸದ್ದು ಮಾಡುತ್ತದೆ. 1 ಮೆಗಾಓಮ್ ಅದರ ಹತ್ತರಷ್ಟು, 13. ಸಾವಿರ ಪಟ್ಟು ಗೇನ್ ಆದ ಮೇಲೆ ಅದು 13 ಮಿಲಿವೋಲ್ಟ್. ಚೆನ್ನಾಗಿಯೇ ಕೇಳುತ್ತದೆ.

ಹಾಗಾದರೆ ಟಪ್ ನಿಲ್ಲಿಸಲು ಹಾಕಿದ 1 ಮೆಗಾಓಮ್ ತೊಂದರೆಯಾ? ಅಲ್ಲ. ಅದು ಗಿಟಾರಿಗೆ ಅಡ್ಡಲಾಗಿ ಕೂತಿದೆ. ಗಿಟಾರ್ ಸೇರಿದ ತಕ್ಷಣ ಪಿಕಪ್ಪಿನ ಕೆಲವೇ ಕಿಲೋಓಮ್ ಅದರ ಬಾಯಿ ಮುಚ್ಚಿಸುತ್ತದೆ. ಕಾಟ ಕೊಡುವುದು ಸಿಗ್ನಲ್ ದಾರಿಯಲ್ಲೇ ಉದ್ದಕ್ಕೆ ಕೂತ ದೊಡ್ಡ ರೆಸಿಸ್ಟರ್, ಅದೂ ಮೊದಲ ಹಂತದಲ್ಲಿ. ಮೊದಲ ಹಂತದಲ್ಲಿ ಹುಟ್ಟಿದ ಸ್ಸ್ ಮುಂದಿನ ಎಲ್ಲ ಹಂತಗಳಲ್ಲೂ ಬೆಳೆಯುತ್ತದೆ. ಅಲ್ಲಿ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ. ಉಳಿದ ಕಡೆ ಕಾರ್ಬನ್ ಇದ್ದರೂ ನಡೆಯುತ್ತದೆ, ಎಲ್ಲ ಬದಲಾಯಿಸುವುದು ದುಡ್ಡು ದಂಡ. 741 ಐಸಿ ಇದ್ದರೆ ಸಾಕೆಟ್ಟಿನಲ್ಲಿ ಟಿಎಲ್071 ಇಟ್ಟು ಕೇಳಿ. ಇಲ್ಲಿ ಮಾತ್ರ ಐಸಿ ಬದಲಾಯಿಸಲು ನನ್ನ ಒಪ್ಪಿಗೆ ಇದೆ.

ಜರ್ಮೇನಿಯಂ ಫಜ್ ಬೆಳಗ್ಗೆ ಚೆನ್ನಾಗಿರುತ್ತೆ, ಮಧ್ಯಾಹ್ನ ಚರಚರ ಅನ್ನುತ್ತೆ.

ಏಪ್ರಿಲ್ ತಿಂಗಳಲ್ಲಿ ಕೇಳಿದಿರಿ ಅಲ್ವಾ? ಜರ್ಮೇನಿಯಂ ಟ್ರಾನ್ಸಿಸ್ಟರಿನ ಸೋರಿಕೆ ಕರೆಂಟ್ ಸುಮಾರು ಪ್ರತಿ 10 ಡಿಗ್ರಿ ಸೆಲ್ಸಿಯಸಿಗೆ ಎರಡರಷ್ಟಾಗುತ್ತದೆ. ಸೋರಿಕೆ ಏರಿದಾಗ ಬಯಾಸ್ (ಟ್ರಾನ್ಸಿಸ್ಟರ್ ಕೆಲಸ ಮಾಡುವ ವೋಲ್ಟೇಜಿನ ನೆಲೆ) ಜಾರುತ್ತದೆ, ಸ್ಸ್ ಮತ್ತು ಚರಚರ ಹೆಚ್ಚುತ್ತದೆ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ರೆಸಿಸ್ಟರಿನ ಜಾಗದಲ್ಲಿ ಟ್ರಿಮ್ ಪಾಟ್ ಇಟ್ಟು, ಕಲೆಕ್ಟರ್ ವೋಲ್ಟೇಜ್ 4.5ರ ಸುತ್ತ ಬರುವ ಹಾಗೆ ಮಧ್ಯಾಹ್ನದ ಬಿಸಿಯಲ್ಲೇ ಹೊಂದಿಸಿ.

ಟ್ರಾನ್ಸಿಸ್ಟರ್ ಆರಿಸುವಾಗಲೇ ಸೋರಿಕೆ ಅಳೆದುಕೊಳ್ಳಿ. ಬೆರಳಲ್ಲಿ ಹಿಡಿದಾಗ ಮೀಟರಿನ ಅಂಕಿ ಓಡತೊಡಗಿದರೆ ಪಕ್ಕಕ್ಕಿಡಿ. ಹಳೆಯ ರೇಡಿಯೋ ಬಿಚ್ಚಿದವರ ಹತ್ತಿರ ಬಿಇಎಲ್ ಅಂತ ಅಚ್ಚಾದ ಎಸಿ128 ಸಿಕ್ಕರೆ ಬಿಡಬೇಡಿ. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಹುಟ್ಟಿ, 1960ರ ದಶಕದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡಲು ಶುರುಮಾಡಿತು. ಇಂಗ್ಲೆಂಡಿನ ಫಜ್ ಸರ್ಕ್ಯೂಟಿಗೆ ಜಾಲಹಳ್ಳಿಯ ಟ್ರಾನ್ಸಿಸ್ಟರ್ ಹಾಕಿ ನುಡಿಸುವ ಖುಷಿಗೆ ಸ್ವಲ್ಪ ಚರಚರ ಸಹಿಸಬಹುದು ಅಂತ ನನ್ನ ಲೆಕ್ಕ.

18 ವೋಲ್ಟ್ ಮಾಡೋಕೆ 7660 ಹಾಕಿದೆ. ಸಣ್ಣಗೆ ಸೀಟಿ ಹೊಡೀತಿದೆ.

ವೋಲ್ಟೇಜ್ ಏರಿಸುವ ಈ ಐಸಿಎಲ್7660 ಐಸಿಯ ಒಳಗಿನ ಗಡಿಯಾರ ಸೆಕೆಂಡಿಗೆ ಸುಮಾರು 10 ಸಾವಿರ ಸಲ ಬಡಿಯುತ್ತದೆ. ಅದು ಕಿವಿಗೆ ಕೇಳುವ ಸ್ವರವೇ. ಕೊನೆಯಲ್ಲಿ ಎಸ್ ಇರುವ 7660ಎಸ್ ಅಥವಾ ಮ್ಯಾಕ್ಸ್1044 ಹಾಕಿ, 1ನೇ ಪಿನ್ನನ್ನು 8ನೇ ಪಿನ್ನಿಗೆ ಸೇರಿಸಿ. ವೇಗ ಕಿವಿಯ ಮಿತಿ ದಾಟಿ ಹೋಗುತ್ತದೆ. ಸಾದಾ 7660ರಲ್ಲಿ ಈ ಸೌಕರ್ಯ ಇಲ್ಲ. ಎಲ್‌ಟಿ1054 ಹೇಗೂ 25 ಕಿಲೋಹರ್ಟ್ಸಿನಲ್ಲಿ ಓಡುತ್ತದೆ, ಅದರ 1ನೇ ಪಿನ್ನಿನ ಕೆಲಸ ಬೇರೆ, ಅದನ್ನು ಮುಟ್ಟಬೇಡಿ. ಮ್ಯಾಕ್ಸ್1044 ತಡೆಯುವುದು 10 ವೋಲ್ಟ್ ಮಾತ್ರ. ಮೇಲೆ ಹೇಳಿದ, 9 ಅಂತ ಬರೆದು 12 ಕೊಡುವ ಅಡಾಪ್ಟರ್ ಅದನ್ನು ಸದ್ದಿಲ್ಲದೆ ಕೊಲ್ಲುತ್ತದೆ.

ಮಳೆಗಾಲದಲ್ಲಿ ಮಾತ್ರ ಚರಚರ. ಭೂತ ಹಿಡಿದಿದೆಯಾ?

ಫ್ಲಕ್ಸ್ ಹಿಡಿದಿದೆ. ಸೋಲ್ಡರ್ ಮಾಡಿದ ಮೇಲೆ ಉಳಿದ ಅಂಟು ತೇವ ಹೀರಿಕೊಂಡು ಪಟ್ಟಿಗಳ ನಡುವೆ ಸಣ್ಣಗೆ ಕರೆಂಟ್ ಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಟೂತ್‌ಬ್ರಷ್ ತೆಗೆದುಕೊಂಡು ಬೋರ್ಡಿನ ಹಿಂಬದಿ ಉಜ್ಜಿ, ಒಣಗಿಸಿ. ಉಜ್ಜಿದ ಮೇಲೆ ಡ್ರೈ ಸೋಲ್ಡರ್‌ಗಳೂ ಕಣ್ಣಿಗೆ ಬೀಳುತ್ತವೆ. ಹೊಳಪಿಲ್ಲದೆ, ಉಂಡೆಯಾಗಿ ಕೂತವು. ಅವನ್ನು ಮತ್ತೆ ಕಾಯಿಸಿ.

ಬೋರ್ಡ್ ತಟ್ಟಿದ್ರೆ ಸ್ಪೀಕರಲ್ಲಿ ಟಣ್ ಅನ್ನುತ್ತೆ. ಸೋಲ್ಡರೆಲ್ಲ ಸರಿ ಇದೆ.

ಸಿಗ್ನಲ್ ದಾರಿಯಲ್ಲಿ ದೊಡ್ಡ ಬೆಲೆಯ ಸೆರಾಮಿಕ್ ಕೆಪಾಸಿಟರ್ ಇದೆ. ಕೆಲವು ಸೆರಾಮಿಕ್‌ಗಳು ಅದುರಿದರೆ ವೋಲ್ಟೇಜ್ ಹುಟ್ಟಿಸುತ್ತವೆ, ಮೈಕಿನ ಹಾಗೆ. ಅಲ್ಲಿ ಫಿಲ್ಮ್ ಕೆಪಾಸಿಟರ್ ಹಾಕಿ.

ಎಲ್ಲ ಮಾಡಿ ನೋಡಿದೆ. ಸದ್ದು ಯಾವ ಹಂತದಲ್ಲಿ ಹುಟ್ತಿದೆ ಅಂತ ನೋಡೋಕೆ ಆಸಿಲೋಸ್ಕೋಪ್ ಬೇಕಾ?

ಕಿವಿ ಸಾಕು. ಹಳೆಯ ಗಿಟಾರ್ ಕೇಬಲ್ಲಿನ ಒಂದು ತುದಿ ಕತ್ತರಿಸಿ. ನಡುವಿನ ವೈರಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೋಲ್ಡರ್ ಮಾಡಿ, ಅದರ ಇನ್ನೊಂದು ಕಾಲೇ ನಿಮ್ಮ ಮೊನೆ. ಜಾಲರಿಗೆ ಕ್ಲಿಪ್ ಹಾಕಿ ಪೆಡಲ್‌ನ ಗ್ರೌಂಡಿಗೆ ಕಚ್ಚಿಸಿ. ಇನ್ನೊಂದು ತುದಿ ಆಂಪಿಗೆ, ವಾಲ್ಯೂಮ್ ತೀರ ಕಮ್ಮಿ. ಇನ್‌ಪುಟ್ಟಿಗೆ ಆ ಗಿಡ್ಡ ಪಿನ್ ಚುಚ್ಚಿ, ಇನ್‌ಪುಟ್ಟಿನಿಂದ ಔಟ್‌ಪುಟ್ಟಿನ ಕಡೆಗೆ ಮೊನೆಯನ್ನು ಒಂದೊಂದೇ ಬಿಂದುವಿಗೆ ತಾಗಿಸುತ್ತಾ ಹೋಗಿ. ಇಲ್ಲಿ ಸುಮ್ಮನಿದೆ, ಇಲ್ಲೂ ಸುಮ್ಮನಿದೆ, ಇಲ್ಲಿ ಜರ್ರ್ ಅಂದಿತು. ಹಾಗಾದರೆ ಹಿಂದಿನ ಬಿಂದುವಿಗೂ ಈ ಬಿಂದುವಿಗೂ ನಡುವೆ ಇರುವ ಎರಡೋ ಮೂರೋ ಪಾರ್ಟುಗಳಲ್ಲಿ ಒಂದು.

ಇದನ್ನು 9 ವೋಲ್ಟಿನ ಪೆಡಲ್‌ಗೆ ಮಾತ್ರ ಬಳಸಿ. ವಾಲ್ವ್ ಆಂಪ್ ಒಳಗೆ ನೂರಾರು ವೋಲ್ಟ್ ಇರುತ್ತದೆ, ಅಲ್ಲಿಗೆ ಈ ಮೊನೆ ಒಯ್ಯಬೇಡಿ.

ಇದಕ್ಕೆಲ್ಲ ಎಸ್‌ಪಿ ರೋಡಿನಿಂದ ಏನೇನು ತರ್ಲಿ?

ಟೌನ್‌ಹಾಲ್ ಹತ್ತಿರ ಇಳಿದು ನಡೆಯಿರಿ, ಗಾಡಿ ನಿಲ್ಲಿಸಲು ಜಾಗ ಹುಡುಕುವ ಸಾಹಸ ಬೇಡ. 100 ಓಮ್, 1 ಕಿಲೋಓಮ್, 10 ಕಿಲೋಓಮ್, 1 ಮೆಗಾಓಮ್ ಮೆಟಲ್ ಫಿಲ್ಮ್ ಹತ್ತತ್ತು. 100 ಪಿಕೋಫ್ಯಾರಡ್, 0.1 ಮತ್ತು 100 ಮೈಕ್ರೋಫ್ಯಾರಡ್. ಒಂದು ಮೀಟರ್ ತೆಳ್ಳನೆ ಶೀಲ್ಡ್ ವೈರ್. ಐಸಿಗೆ ಸಾಕೆಟ್, ಯಾಕೆಂದರೆ ನಾನು ಎಷ್ಟು ಹೇಳಿದರೂ ನೀವು ಐಸಿ ಬದಲಾಯಿಸಿಯೇ ನೋಡುತ್ತೀರಿ. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಊದುಬತ್ತಿ ಕಡ್ಡಿ ಮನೆಯಲ್ಲೇ ಇದೆ.